‘ಆ ಅಮ್ಮನ ಪಾತ್ರದವಳು’ ಅನ್ನೋರಿಗೆ

ಶನಿವಾರ ರಾತ್ರಿಯಿಂದ ತಲೆ ಬಿಸಿಯಾಗಿದೆ. ಬರೆದರೆ ಇಳಿಯಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಈಗಲೇ ಹೇಳಿಬಿಟ್ಟಿದ್ದೇನೆ. ಕಥೆ ಗೊತ್ತಾಗಬಾರದು ಅನ್ನೋರು ಇಲ್ಲಿಂದಲೇ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ಆಗಿದ್ದು ಇಷ್ಟು. ಗೆಳತಿಯ ಮನೇಲಿ ಆರೇಳು ಜನ ಸೇರಿದ್ದೆವು. ದೀಪ ಆರಿಸಿ, ಚುರುಮುರಿ ತಟ್ಟೆ ತೊಡೆ ಮೇಲಿಟ್ಟುಕೊಂಡು ‘ಹೆರೆಡಿಟರಿ’ ಅನ್ನೋ ಹಾರರ್ ಸಿನಿಮಾ ಹಾಕಿಕೊಂಡೆವು. ನಾನು ಮೂರನೇ ಸಲ ನೋಡ್ತಿರೋದು. ಊಟದ ಮೇಜಿನ ದೃಶ್ಯ ಬಂತು. ಅದಕ್ಕೇ ಕಾದಿದ್ದೆ ನಾನು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮಹಾನುಭಾವರು ಬಾಯಲ್ಲಿ ಚುರುಮುರಿ ಇಟ್ಟುಕೊಂಡೇ ಅಂದರು: “ಓವರ್ ಆ್ಯಕ್ಟಿಂಗ್ ಕಣ್ರೀ. ಇವಳು ಆ ‘ಸಿಕ್ಸ್ತ್ ಸೆನ್ಸ್’ ಅಮ್ಮ ಅಲ್ವಾ? ಯಾವಾಗ ನೋಡಿದ್ರೂ ಅಳ್ತಾನೇ ಇರ್ತಾಳೆ.”

‘ಸಿಕ್ಸ್ತ್ ಸೆನ್ಸ್’ ಅಮ್ಮ! ಹೆಸರಿದೆ ಸ್ವಾಮಿ ಆಕೆಗೆ. ಟೋನಿ ಕೊಲೆಟ್. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ತೆರೆ ಮೇಲಿದ್ದಾಳೆ. ಆ ಮನುಷ್ಯನಿಗೆ ಅದೇ ಸಿನಿಮಾದ ಬ್ರೂಸ್ ವಿಲ್ಲಿಸ್ ಹೆಸರು ಗೊತ್ತು. ನಿರ್ದೇಶಕ ಶ್ಯಾಮಲನ್ ಹೆಸರು ಗೊತ್ತು, ಆತ ಹುಟ್ಟಿದ್ದು ನಮ್ಮ ಮಾಹೆಯಲ್ಲಿ ಅನ್ನೋದೂ ಗೊತ್ತು. ಆ ಪುಟ್ಟ ಹುಡುಗನ ಹೆಸರು ಹುಡುಕೋಕೆ ಮೊಬೈಲ್ ತೆಗೆದರು. ಇವಳು ಮಾತ್ರ ಅಮ್ಮ.

ಸರಿ, ಅಮ್ಮನಿಂದಲೇ ಶುರು ಮಾಡ್ತೀನಿ. 1999ರಲ್ಲಿ ‘ದಿ ಸಿಕ್ಸ್ತ್ ಸೆನ್ಸ್’ ಬಿಡುಗಡೆ ಆದಾಗ ಅವಳಿಗೆ 26 ವರ್ಷ. ಇಪ್ಪತ್ತಾರು! ನಮ್ಮಲ್ಲಿ ಆ ವಯಸ್ಸಿನವರನ್ನು ಇನ್ನೂ ‘ಹುಡುಗಿ’ ಅಂತಲೇ ಕರೀತೀವಿ. ಸಿನಿಮಾದಲ್ಲಿ ಅವಳು ಒಂಬತ್ತು ವರ್ಷದ ಹುಡುಗನ ತಾಯಿ, ಎರಡೆರಡು ಕೆಲಸ ಮಾಡಿ ಸುಸ್ತಾದವಳು. ಕೊನೆಯ ಕಾರಿನ ದೃಶ್ಯ ನೆನಪಿದೆಯಾ? ಮುಂದೆ ಅಪಘಾತ ಆಗಿ ಗಾಡಿಗಳೆಲ್ಲ ನಿಂತಿವೆ. ಸತ್ತವರು ತನಗೆ ಕಾಣಿಸ್ತಾರೆ ಅನ್ನೋ ಗುಟ್ಟನ್ನು ಮಗ ಮೆಲ್ಲಗೆ ಹೇಳ್ತಾನೆ. ಅವಳು ಮೊದಲು ನಂಬಲ್ಲ. ಮಗನಿಗೆ ಏನೋ ಆಗಿಹೋಗಿದೆ ಅನ್ನೋ ಭಯ ಮುಖದಲ್ಲಿ. ಆಮೇಲೆ ಅವನು ಸತ್ತ ಅಜ್ಜಿಯ ಮಾತು ಹೇಳ್ತಾನೆ. ಅವಳು ಚಿಕ್ಕವಳಿದ್ದಾಗ ಡ್ಯಾನ್ಸ್ ಮಾಡಿದ್ದನ್ನು ಅಜ್ಜಿ ಹಿಂದೆ ನಿಂತು ನೋಡಿದ್ದಳಂತೆ. ಸಮಾಧಿ ಹತ್ತಿರ ಅವಳು ಕೇಳಿದ ಪ್ರಶ್ನೆಗೆ ಉತ್ತರ ‘ದಿನಾಲೂ’ ಅಂತೆ. ಏನು ಕೇಳಿದ್ದೆ ಅಮ್ಮ ಅಂತಾನೆ ಹುಡುಗ. ಆಗ ಅವಳ ಕೈ ಬಾಯಿಗೆ ಹೋಗುತ್ತೆ ನೋಡಿ, ಆ ಕೈಯನ್ನು ನೋಡಬೇಕು. ಅಮ್ಮನಿಗೆ ನನ್ನ ಬಗ್ಗೆ ಹೆಮ್ಮೆ ಇದೆಯಾ ಅಂತ ಕೇಳಿದ್ದೆ ಅನ್ನೋದನ್ನು ಹೇಳೋಕೆ ಅವಳಿಗೆ ಉಸಿರೇ ಸಾಲಲ್ಲ. ಅಲ್ಲಿಯವರೆಗೆ ತಾಯಿಯಾಗಿದ್ದವಳು ಆ ಒಂದು ವಾಕ್ಯದಲ್ಲಿ ಮಗಳಾಗಿಬಿಡ್ತಾಳೆ. ಇದನ್ನು ‘ಅಳ್ತಾನೇ ಇರ್ತಾಳೆ’ ಅಂದರೆ ನಾನೇನು ಹೇಳಲಿ?

ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು, ಪೋಷಕ ನಟಿ ವಿಭಾಗದಲ್ಲಿ. ಪ್ರಶಸ್ತಿ ಹೋಗಿದ್ದು ಆ್ಯಂಜಲೀನಾ ಜೋಲಿಗೆ. ‘ಪೋಷಕ’ ಅನ್ನೋ ಪದವೇ ನೋಡಿ ಎಷ್ಟು ಚೆನ್ನಾಗಿದೆ. ತಾಯಿ ಅಂದಮೇಲೆ ಪೋಷಿಸಬೇಕು, ಮುಗೀತು.

ಇವಳು ಎಲ್ಲಿಂದ ಬಂದಳು ಅಂತ ಗೊತ್ತಾದರೆ ನನ್ನ ಸಿಟ್ಟು ನಿಮಗೂ ಸ್ವಲ್ಪ ಹತ್ತಬಹುದು. 1972ರ ನವೆಂಬರ್ 1ರಂದು ಸಿಡ್ನಿಯಲ್ಲಿ ಹುಟ್ಟಿದ್ದು. (ನಮ್ಮ ರಾಜ್ಯೋತ್ಸವದ ದಿನ. ಸುಮ್ನೆ ಹೇಳಿದೆ.) ಬೆಳೆದಿದ್ದು ಬ್ಲ್ಯಾಕ್‌ಟೌನ್‌ನಲ್ಲಿ. ಸಿಡ್ನಿ ಅಂದರೆ ನಮಗೆ ಆಪೆರಾ ಹೌಸ್, ಸಮುದ್ರ, ಸೇತುವೆ. ಬ್ಲ್ಯಾಕ್‌ಟೌನ್ ಅದಲ್ಲ. ಊರಿನ ಪಶ್ಚಿಮಕ್ಕೆ, ಕಡಲಿನಿಂದ ದೂರ, ದುಡಿಯೋ ಜನರ ಬಡಾವಣೆ. ಸಿಡ್ನಿಯ ಇನ್ನೊಂದು ತುದಿಯವರು ಅಲ್ಲಿಯವರನ್ನು ‘ವೆಸ್ಟೀ’ ಅಂತ ಕರೆದು ನಗ್ತಾರೆ. ಅಪ್ಪ ಟ್ರಕ್ ಓಡಿಸ್ತಿದ್ದರು. ಇಬ್ಬರು ತಮ್ಮಂದಿರು, ಇವಳೇ ದೊಡ್ಡವಳು. ಮನೆತನದ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್‌ಗೆ ಕೊನೆಯಲ್ಲೊಂದು ಅಕ್ಷರ ತಾನೇ ಸೇರಿಸಿಕೊಂಡಳು. ನಮ್ಮಲ್ಲಾದರೆ ಸಂಖ್ಯಾಶಾಸ್ತ್ರದವರು ದುಡ್ಡು ಇಸ್ಕೊಂಡು ಮಾಡಿಕೊಡ್ತಿದ್ದ ಕೆಲಸ.

ಹನ್ನೊಂದನೇ ವಯಸ್ಸಿನಲ್ಲಿ ಮಾಡಿದ ಒಂದು ಕಿತಾಪತಿ ಇದೆ, ನನಗೆ ಇವಳು ಇಷ್ಟವಾಗೋಕೆ ಅರ್ಧ ಕಾರಣ ಅದೇ. ಹೊಟ್ಟೆನೋವು ಅಂತ ನಾಟಕ ಶುರು ಮಾಡಿದಳು. ಅಪೆಂಡಿಸೈಟಿಸ್‌ನಲ್ಲಿ ಡಾಕ್ಟರ್ ಹೊಟ್ಟೆ ಒತ್ತಿದಾಗಲ್ಲ, ಒತ್ತಿದ ಕೈ ಬಿಟ್ಟಾಗ ನೋವಾಗುತ್ತೆ ಅಂತ ಎಲ್ಲೋ ಕೇಳಿಸಿಕೊಂಡಿದ್ದಳು. ಸರಿಯಾಗಿ ಕೈ ಬಿಟ್ಟಾಗಲೇ ನರಳಿದಳು. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಡಾಕ್ಟರು ನಂಬಿ, ಆಪರೇಷನ್ ಮಾಡಿ, ಚೆನ್ನಾಗಿದ್ದ ಅಪೆಂಡಿಕ್ಸನ್ನು ತೆಗೆದೇಬಿಟ್ಟರು! ಮೊದಲ ಪ್ರೇಕ್ಷಕರು ಬಿಳಿ ಕೋಟಿನವರು.

ನಾನೂ ಏಳನೇ ಕ್ಲಾಸಿನಲ್ಲಿ ಗಣಿತದ ಟೆಸ್ಟಿನ ದಿನ ಹೊಟ್ಟೆನೋವು ಅಂದಿದ್ದೆ. ಅಜ್ಜಿ ಓಮದ ಕಷಾಯ ಕುಡಿಸಿ, ಜಡೆ ಹಾಕಿ, ಬಸ್ ಹತ್ತಿಸಿದರು. ಪ್ರತಿಭೆಯ ವ್ಯತ್ಯಾಸ ಅಂದರೆ ಇದು.

ಹದಿನಾರಕ್ಕೆ ಶಾಲೆ ಬಿಟ್ಟಳು. ನೈಡಾ ಅಂತ ಇದೆ ಸಿಡ್ನಿಯಲ್ಲಿ, ಆಸ್ಟ್ರೇಲಿಯಾದ ರಾಷ್ಟ್ರೀಯ ನಾಟಕ ಶಾಲೆ. ಅಲ್ಲಿ ಸೀಟು ಸಿಗೋದೇ ಕಷ್ಟ. ಸಿಕ್ಕ ಸೀಟನ್ನೂ ಒಂದೂವರೆ ವರ್ಷಕ್ಕೆ ಬಿಟ್ಟಳು. ಯಾಕೆ? ಸಿಡ್ನಿ ಥಿಯೇಟರ್ ಕಂಪನಿಯವರ ಚೆಕಾಫ್ ನಾಟಕ ‘ಅಂಕಲ್ ವಾನ್ಯಾ’ದಲ್ಲಿ ಪಾತ್ರ ಸಿಕ್ಕಿತು, ಜಾಫ್ರಿ ರಶ್ ಥರದವರ ಜೊತೆಗೆ. ‘ಸ್ಪಾಟ್ಸ್‌ವುಡ್’ ಅನ್ನೋ ಸಿನಿಮಾನೂ ಆ ಕಾಲದ್ದೇ. ಆ್ಯಂಥನಿ ಹಾಪ್ಕಿನ್ಸ್ ಇದ್ದರು, ಆಗಿನ್ನೂ ಯಾರಿಗೂ ಗೊತ್ತಿಲ್ಲದ ರಸೆಲ್ ಕ್ರೋ ಇದ್ದ. ಇವಳದು ಸಣ್ಣ ಪಾತ್ರ.

1994ರಲ್ಲಿ ಬಂತು ‘ಮ್ಯೂರಿಯಲ್ಸ್ ವೆಡಿಂಗ್’. ಪಿ.ಜೆ. ಹೋಗನ್ ನಿರ್ದೇಶನ. ಸಮುದ್ರದ ದಂಡೆಯ ಸಣ್ಣ ಊರಿನ ದಪ್ಪ ಹುಡುಗಿ, ಆಬಾ ಅನ್ನೋ ಪಾಪ್ ತಂಡದ ಹಾಡು ಕೇಳ್ತಾ, ಮದುವೆ ಕನಸು ಕಾಣ್ತಾ ಇರೋಳು. ಆ ಪಾತ್ರಕ್ಕಾಗಿ ಏಳು ವಾರದಲ್ಲಿ 18 ಕೆಜಿ ದಪ್ಪ ಆದಳು. ಗಂಡಸು ನಟ ಹೀಗೆ ಮಾಡಿದರೆ ನಾವು ವರ್ಷಗಟ್ಟಲೆ ‘ಸಮರ್ಪಣೆ’ ಅಂತ ಭಜನೆ ಮಾಡ್ತೀವಿ. ಇವಳಿಗೆ ಆಗ 21. ಆಸ್ಟ್ರೇಲಿಯನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ಗೋಲ್ಡನ್ ಗ್ಲೋಬ್‌ಗೂ ಹೆಸರು ಹೋಯಿತು. ನಾಯಕಿ ಅಂದರೆ ನಾಯಕಿ. ಪೋಸ್ಟರ್ ತುಂಬ ಅವಳದೇ ನಗು.

ಅಲ್ಲಿಂದ ಐದು ವರ್ಷಕ್ಕೆ ಅಮ್ಮ.

ಇದು ಅಲ್ಲಿ ಮಾತ್ರ ಅಂತ ಅಂದುಕೋಬೇಡಿ. ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿಯಾಗಿದ್ದ ಪಂಢರಿಬಾಯಿ ಆಮೇಲೆ ಅವರಿಗೇ ತಾಯಿ ಆದರು. ಅದು ಬೇರೆ ಪೋಸ್ಟ್, ಇನ್ನೊಂದು ದಿನ ಸಿಟ್ಟು ಬಂದಾಗ.

ನನ್ನ ತಕರಾರು ಅವಳು ತಾಯಿ ಪಾತ್ರ ಮಾಡಿದ್ದಕ್ಕಲ್ಲ. ಮಾಡಲಿ. ಎಲ್ಲ ತಾಯಂದಿರೂ ಒಂದೇ ಅಂತ ನಾವು ನೋಡ್ತೀವಲ್ಲ, ಅದಕ್ಕೆ. ‘ಅಬೌಟ್ ಎ ಬಾಯ್’ನ ತಾಯಿ ಖಿನ್ನತೆಯಲ್ಲಿ ಮುಳುಗಿದವಳು. ಮಗನ ಮೇಲೆ ಪ್ರಾಣ, ಆದರೆ ಬೆಳಗ್ಗೆ ಎದ್ದು ಕೂರೋಕೆ ಆಗಲ್ಲ. ‘ಲಿಟಲ್ ಮಿಸ್ ಸನ್‌ಶೈನ್’ನ ತಾಯಿ ಹೊರಗಿಂದ ತಂದ ಕರಿದ ಕೋಳಿಯ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಒಬ್ಬರಿಗೊಬ್ಬರು ಆಗದ ಐದು ಜನರನ್ನು ಊಟಕ್ಕೆ ಕೂರಿಸೋಳು. ಎಲ್ಲರೂ ನಗಿಸ್ತಾರೆ ಆ ಸಿನಿಮಾದಲ್ಲಿ, ಇವಳು ತಟ್ಟೆ ಜೋಡಿಸ್ತಾಳೆ. ಅವಳಿಲ್ಲದಿದ್ದರೆ ಆ ಮನೆಯವರೆಲ್ಲ ಪ್ರಯಾಣ ಹೊರಟ ಹಳದಿ ವ್ಯಾನು ಮನೆ ಗೇಟೂ ದಾಟ್ತಿರಲಿಲ್ಲ. ‘ಯುನೈಟೆಡ್ ಸ್ಟೇಟ್ಸ್ ಆಫ್ ಟಾರಾ’ ಧಾರಾವಾಹಿಯಲ್ಲಿ ಮಾನಸಿಕ ಕಾಯಿಲೆಯಿಂದಾಗಿ ಒಬ್ಬಳೇ ತಾಯಿಯೊಳಗೆ ಹಲವು ವ್ಯಕ್ತಿತ್ವ: ಹದಿಹರೆಯದ ಹುಡುಗಿ, ಅಚ್ಚುಕಟ್ಟು ಗೃಹಿಣಿ, ವಿಯೆಟ್ನಾಂ ಯುದ್ಧ ಮುಗಿಸಿ ಬಂದ ಒರಟು ಗಂಡಸು. ನಡಿಗೆ ನೋಡಿಯೇ ಈಗ ಯಾರು ಬಂದರು ಅಂತ ಗೊತ್ತಾಗುತ್ತೆ. ಅದಕ್ಕೆ 2009ರಲ್ಲಿ ಟೀವಿಯ ಎಮ್ಮಿ ಪ್ರಶಸ್ತಿ ಬಂತು, ಮುಂದಿನ ವರ್ಷ ಗೋಲ್ಡನ್ ಗ್ಲೋಬ್.

ತಾಯಿಯಲ್ಲದ ಪಾತ್ರವೂ ಬೇಕಾದಷ್ಟಿವೆ. 2003ರ ‘ಜಪಾನೀಸ್ ಸ್ಟೋರಿ’ ನೋಡಿ. ಪಶ್ಚಿಮ ಆಸ್ಟ್ರೇಲಿಯಾದ ಕೆಂಪು ಮಣ್ಣಿನ ಪಿಲ್ಬರಾದಲ್ಲಿ ಜೀಪ್ ಓಡಿಸೋ ಭೂವಿಜ್ಞಾನಿ. ಆ ಚುರುಮುರಿ ಮಹಾನುಭಾವರು ನೋಡಿರಲ್ಲ ಬಿಡಿ.

ಈಗ ಊಟದ ಮೇಜಿಗೆ ವಾಪಸ್. ‘ಹೆರೆಡಿಟರಿ’, 2018, ಆ್ಯರಿ ಆ್ಯಸ್ಟರ್‌ನ ಮೊದಲ ಚಿತ್ರ. ಮಗಳು ಸತ್ತಿದ್ದಾಳೆ. ಮಗ ಓಡಿಸ್ತಿದ್ದ ಕಾರಿನಲ್ಲಿ. ಮನೇಲಿ ಯಾರೂ ಆ ಮಾತು ಎತ್ತಲ್ಲ. ಊಟಕ್ಕೆ ಕೂತಾಗ ಮಗ ಕೆಣಕ್ತಾನೆ, ಏನಿದ್ದರೂ ಹೇಳಿಬಿಡು ಅಂತ. ಅವಳು ಎದ್ದು ನಿಂತು ಕಿರುಚ್ತಾಳೆ. ಹೌದು, ಕಿರುಚ್ತಾಳೆ. ಓವರ್ ಆ್ಯಕ್ಟಿಂಗ್ ಅಂದವರಿಗೆ ಕೇಳಿಸಿದ್ದು ಅಷ್ಟೇ. ಆ ಕಿರುಚಾಟದ ಮಧ್ಯೆ ‘ನಿನ್ನನ್ನು ಕ್ಷಮಿಸೋಕೆ ನನಗೆ ಆಸೆ ಇದೆ, ಆಗ್ತಿಲ್ಲ’ ಅನ್ನೋದು ಅವಳ ಗಂಟಲಲ್ಲಿ ಸಿಕ್ಕಿಕೊಳ್ಳೋದು ಕೇಳಿಸಲಿಲ್ಲವಾ? ಆಮೇಲೆ ಮಗ ತಿರುಗಿ ಒಂದೇ ಪ್ರಶ್ನೆ ಹಾಕ್ತಾನೆ: ತಂಗಿಗೆ ಪಾರ್ಟಿಗೆ ಹೋಗೋಕೆ ಇಷ್ಟ ಇರಲಿಲ್ಲ, ಮತ್ತೆ ಅಲ್ಲಿಗೆ ಯಾಕೆ ಬಂದಳು? ಕಳಿಸಿದ್ದು ತಾಯಿಯೇ. ಆ ಕ್ಷಣದ ಮುಖ ನೋಡಿ. ಕಿರುಚಾಟ ಇಲ್ಲ, ಕಣ್ಣೀರಿಲ್ಲ. ನಾನು ಶನಿವಾರ ಅದನ್ನು ನೋಡಲಿಲ್ಲ, ಯಾಕಂದರೆ ಪಕ್ಕದವರು ಮಾತಾಡ್ತಿದ್ದರು.

ಇನ್ನೊಂದು ಹೇಳಲೇಬೇಕು. ಮಗಳ ಹೆಣ ಕಾರಿನಲ್ಲಿ ಸಿಗೋ ಬೆಳಗ್ಗೆ ತಾಯಿಯನ್ನು ತೋರಿಸೋದೇ ಇಲ್ಲ. ಕ್ಯಾಮೆರಾ ಹಾಸಿಗೆಯಲ್ಲಿ ಕಣ್ಣು ಬಿಟ್ಟು ಮಲಗಿರೋ ಮಗನ ಮುಖದ ಮೇಲಿದೆ. ಹೊರಗೆ ಹೋಗ್ತಿದ್ದೀನಿ ಅಂತ ಅವಳು ಹೇಳೋದು ಕೇಳಿಸುತ್ತೆ. ಬಾಗಿಲ ಸದ್ದು. ಆಮೇಲೆ ಆ ಕೂಗು. ಬರೀ ದನಿ. ನಮ್ಮೂರಲ್ಲಿ ಪಕ್ಕದ ಬೀದಿಯಲ್ಲಿ ಒಮ್ಮೆ ಅಂಥ ಕೂಗು ಕೇಳಿದ್ದೆ, ಚಿಕ್ಕವಳಿದ್ದಾಗ. ಅದೇ ದನಿ. ಯಾವ ನಾಟಕ ಶಾಲೆಯೂ ಅದನ್ನು ಕಲಿಸಲ್ಲ.

ಆ ವರ್ಷ ಆಸ್ಕರ್‌ಗೆ ಅವಳ ಹೆಸರೇ ಇಲ್ಲ. ಗೊಥಮ್ ಪ್ರಶಸ್ತಿ ಕೊಟ್ಟರು, ಸರಿ. ಆಸ್ಕರ್ ಪಟ್ಟಿಯ ಐದು ಜನರಲ್ಲಿ ಇಲ್ಲ.

ಇದಕ್ಕೆ ನನ್ನ ಗೆಳತಿಯ ವಾದ: ಹಾರರ್ ಸಿನಿಮಾಕ್ಕೆ ಅವರು ಕೊಡಲ್ಲ ಕಣೇ, ಅದು ಗೊತ್ತಿರೋದೇ. ಹೌದಾ? ‘ಮಿಸರಿ’ಗೆ ಕ್ಯಾಥಿ ಬೇಟ್ಸ್‌ಗೆ ಕೊಟ್ಟರಲ್ಲ. ಅಷ್ಟು ದೂರ ಯಾಕೆ, ‘ಸಿಕ್ಸ್ತ್ ಸೆನ್ಸ್’ ಏನು, ಭಕ್ತಿ ಚಿತ್ರವಾ? ದೆವ್ವದ ಸಿನಿಮಾವೇ. ಆರು ನಾಮನಿರ್ದೇಶನ ಬಂದಿದ್ದವು, ಇವಳದೂ ಸೇರಿ. ಅಂದರೆ ದೆವ್ವಕ್ಕೆ ಅಭ್ಯಂತರ ಇಲ್ಲ. ದೆವ್ವದ ಕಥೆಯಲ್ಲಿ ತಾಯಿ ಮೂಲೆಯಲ್ಲಿ ನಿಂತು ಮೆತ್ತಗೆ ಅತ್ತರೆ ಚೆಂದ. ಮಧ್ಯಕ್ಕೆ ಬಂದು ಮಗನ ಮೇಲೆ ಕೂಗಿದರೆ ‘ಓವರ್’. ಇದೇ ನನ್ನ ಉರಿ.

ಇನ್ನೊಬ್ಬರು ಅಂದರು, ಆಕೆಗೇನು ಕಮ್ಮಿಯಾಗಿದೆ, ಕೈತುಂಬ ಕೆಲಸ, ಎಮ್ಮಿ ಇದೆ, ದುಡ್ಡಿದೆ, ನೀನ್ಯಾಕೆ ಒದ್ದಾಡ್ತೀಯ? ನಿಜ. ಆಕೆ ಆರಾಮಾಗಿದ್ದಾಳೆ. ‘ನೈವ್ಸ್ ಔಟ್’ನಲ್ಲಿ ನಗಿಸಿದಳು, ‘ಅನ್‌ಬಿಲೀವಬಲ್’ನಲ್ಲಿ ಪೊಲೀಸ್ ಆದಳು. ನನ್ನ ಪೋಸ್ಟಿನಿಂದ ಅವಳಿಗೆ ಆಗಬೇಕಾದ್ದು ಏನೂ ಇಲ್ಲ. ಆಯ್ತಾ?

ಒದ್ದಾಟ ನನ್ನದು, ಒಪ್ಪಿಕೊಳ್ತೀನಿ. ನಾನು ಹವ್ಯಾಸಿ ತಂಡದಲ್ಲಿದ್ದ ಕಾಲ ನಿಮ್ಮಲ್ಲಿ ಹಳಬರಿಗೆ ಗೊತ್ತು. 23ನೇ ವಯಸ್ಸಿಗೆ ತಲೆಗೆ ಪೌಡರ್ ಬಳಿದು ನನಗಿಂತ ಹನ್ನೊಂದು ವರ್ಷ ದೊಡ್ಡ ಹೀರೋಗೆ ಅಮ್ಮನಾದೆ. ಧ್ವನಿ ಚೆನ್ನಾಗಿದೆ, ಮುಖ ನಾಯಕಿಯದಲ್ಲ ಅಂದಿದ್ದರು. ಆರು ನಾಟಕ, ಆರು ಅಮ್ಮ. ಒಂದು ಪ್ರದರ್ಶನ ಮುಗಿದ ಮೇಲೆ ಒಬ್ಬರು ನೇರ ನನ್ನ ಕಡೆಗೇ ಬಂದರು. ಹೊಗಳ್ತಾರೆ ಅಂತ ಸೆರಗು ಸರಿ ಮಾಡಿಕೊಂಡು ನಿಂತೆ. “ಕಾಫಿ ಇನ್ನೂ ಇದೆಯೇನಮ್ಮಾ?” ಅಂದರು.

ನಕ್ಕುಬಿಡಿ, ನಾನೂ ನಗ್ತೀನಿ ಈಗ.

ಭಾನುವಾರ ಸಿಟ್ಟಿನಲ್ಲೇ ‘ಮ್ಯೂರಿಯಲ್ಸ್ ವೆಡಿಂಗ್’ ಹಾಕಿದೆ. ಅಮ್ಮ ಹುರುಳಿಕಾಯಿ ಸೋಸ್ತಾ ಪಕ್ಕದಲ್ಲಿ ಕೂತರು. ನಾನು ಟೋನಿ ಬಂದಾಗಲೆಲ್ಲ, “ನೋಡು ನೋಡು, ಅವಳೇ” ಅಂತಿದ್ದೆ. ಅಮ್ಮ ನೋಡ್ತಿದ್ದದ್ದು ಬೇರೆ ಕಡೆ. ಆ ಸಿನಿಮಾದಲ್ಲಿ ಮ್ಯೂರಿಯಲ್‌ಗೊಬ್ಬಳು ತಾಯಿ ಇದ್ದಾಳೆ, ಬೆಟ್ಟಿ. ಗಂಡ ಕರೆದರೆ ಚಹಾ, ಮಕ್ಕಳು ಕರೆದರೆ ಬರ್ತಾಳೆ, ಇಲ್ಲದಿದ್ದರೆ ಇದ್ದಾಳೋ ಇಲ್ಲವೋ ಗೊತ್ತಾಗಲ್ಲ. ಮಗಳ ಮದುವೆಗೆ ಉಡುಗೊರೆ ಪೊಟ್ಟಣ ಹಿಡಿದು ಬಂದು ಚರ್ಚಿನಲ್ಲಿ ನಿಂತಿರ್ತಾಳೆ. ಬಿಳಿ ಗೌನಿನ ಮ್ಯೂರಿಯಲ್ ಹಲ್ಲು ಬಿಟ್ಟು ನಗ್ತಾ ಅವಳ ಪಕ್ಕದಲ್ಲೇ ಹಾದು ಹೋಗ್ತಾಳೆ. ನೋಡೋದೇ ಇಲ್ಲ.

ಅಮ್ಮ ಕಾಯಿ ಮುರಿಯೋದು ನಿಲ್ಲಿಸಿದರು. “ಈ ಅಮ್ಮನ ಪಾತ್ರ ಮಾಡಿದವಳು ಯಾರೇ? ಎಷ್ಟು ಚೆನ್ನಾಗಿ ಮಾಡಿದ್ದಾಳೆ” ಅಂದರು.

ನನಗೆ ಗೊತ್ತಿರಲಿಲ್ಲ. ಐದಾರು ಸಲ ನೋಡಿದ ಸಿನಿಮಾ ಇದು. ಮೊಬೈಲ್ ತೆಗೆದು ಹುಡುಕಿದೆ. ಜೀನಿ ಡ್ರೈನನ್ ಅಂತೆ.