ಲಸಿಕೆಗೆ ಜೋಡಿ ಅಡ್ಜುವಂಟ್ ಬೇಕೆ?

ಪರ

ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಯ ಒಂದು ಪುಟ್ಟ ಪ್ರಯೋಗದ ವರದಿ 1997ರಲ್ಲಿ ಪ್ರಕಟವಾಯಿತು. ಸ್ವಯಂಸೇವಕರಿಗೆ ಲಸಿಕೆ ಕೊಟ್ಟು, ಆಮೇಲೆ ಬೇಕೆಂದೇ ಮಲೇರಿಯಾ ಸೊಳ್ಳೆಗಳಿಂದ ಕಚ್ಚಿಸಿದ್ದರು. ಎಲ್ಲರಿಗೂ ಕೊಟ್ಟ ಪ್ರೋಟೀನ್ ಒಂದೇ. ಬೇರೆಯಾಗಿದ್ದದ್ದು ಅದರ ಕಸುವು ಹೆಚ್ಚಿಸಲು ಬೆರೆಸಿದ ಅಡ್ಜುವಂಟ್. ಬರೀ ಎಣ್ಣೆ-ನೀರಿನ ಮಿಶ್ರಣ ಪಡೆದ ಏಳು ಜನರಲ್ಲಿ ಐವರಿಗೆ ಮಲೇರಿಯಾ ಬಂತು. ಅದೇ ಮಿಶ್ರಣಕ್ಕೆ ಎಂಪಿಎಲ್ ಮತ್ತು ಕ್ಯೂಎಸ್-21 ಎಂಬ ಜೋಡಿ ಸೇರಿಸಿದಾಗ ಏಳರಲ್ಲಿ ಒಬ್ಬರಿಗೆ ಮಾತ್ರ!

ಎಂಪಿಎಲ್ ಬರುವುದು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಹೊರಪದರದಿಂದ, ವಿಷ ಇಳಿಸಿದ ಮೇಲೆ. ಕ್ಯೂಎಸ್-21 ಚಿಲಿ ದೇಶದ ಒಂದು ಮರದ ತೊಗಟೆಯದು. ನಮ್ಮ ಅಂಟುವಾಳದ ಹಾಗೆ ನೊರೆ ಬಿಡುವ ಜಾತಿ. ಇವೆರಡನ್ನೂ ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿಟ್ಟು ಕೊಟ್ಟರೆ ದುಗ್ಧಗ್ರಂಥಿಯಲ್ಲಿ ಇಂಟರ್‌ಫೆರಾನ್-ಗಾಮಾ (ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ಪ್ರೋಟೀನ್) ಬೇಗನೆ ಏಳುತ್ತದೆ. ಒಂದೊಂದನ್ನೇ ಕೊಟ್ಟರೆ ಆ ಮಟ್ಟದ ಪ್ರತಿಕ್ರಿಯೆ ಇಲ್ಲ.

ಲಾಭ ಕಾಣುವುದು ವಯಸ್ಸಾದವರಲ್ಲಿ. ಸರ್ಪಸುತ್ತಿನ ಹಳೆಯ ಲಸಿಕೆ ಎಪ್ಪತ್ತು ದಾಟಿದವರನ್ನು ಕಾಪಾಡುತ್ತಿದ್ದದ್ದು ಶೇ. 38ರಷ್ಟು. ಈ ಜೋಡಿ ಇರುವ ಶಿಂಗ್ರಿಕ್ಸ್‌ನದು ಸುಮಾರು ಶೇ. 90. ರೋಗ ಮಾಸಿದ ಮೇಲೂ ತಿಂಗಳುಗಟ್ಟಲೆ ಉರಿಯುವ ಆ ನೋವನ್ನು ಕಂಡವರಿಗೆ ಇದಕ್ಕಿಂತ ದೊಡ್ಡ ವಾದ ಬೇಡ.

ವಿರೋಧ

ಆ 1997ರ ಪ್ರಯೋಗದಲ್ಲಿ ಮೂರನೆಯ ಗುಂಪೂ ಒಂದಿತ್ತು, ಅದನ್ನು ಯಾರೂ ಎತ್ತುವುದಿಲ್ಲ. ಅವರಿಗೆ ಕೊಟ್ಟದ್ದೂ ಜೋಡಿಯೇ: ಅಲ್ಯೂಮಿನಿಯಂ ಲವಣ ಮತ್ತು ಅದೇ ಎಂಪಿಎಲ್. ಎಂಟರಲ್ಲಿ ಏಳು ಜನರಿಗೆ ಮಲೇರಿಯಾ ಬಂತು. ಎರಡು ಸೇರಿದರೆ ಬಲ ಹೆಚ್ಚು ಎಂಬ ಲೆಕ್ಕ ಅಲ್ಲೇ ಬಿದ್ದುಹೋಯಿತು.

ಶಿಂಗ್ರಿಕ್ಸ್ ಪರೀಕ್ಷೆಯಲ್ಲಿ ಲಸಿಕೆ ಪಡೆದ ನೂರು ಜನರಲ್ಲಿ ಸುಮಾರು 17 ಮಂದಿಗೆ ದಿನದ ಕೆಲಸ ನಿಲ್ಲಿಸುವಷ್ಟು ನೋವು, ಸುಸ್ತು, ಜ್ವರ ಬಂದಿತ್ತು. ಹುಸಿ ಚುಚ್ಚುಮದ್ದು ಪಡೆದವರಲ್ಲಿ ಮೂವರಿಗೆ. ಎರಡನೆಯ ಡೋಸಿಗೆ ಅವರೆಲ್ಲ ಮತ್ತೆ ಬರಬೇಕಲ್ಲ?

ನನ್ನ ಮುಖ್ಯ ತಕರಾರು ಬೇರೆ, ಪೂರೈಕೆಯದು. 2023–25ಕ್ಕೆ ಆಫ್ರಿಕಾದ 12 ದೇಶಗಳಿಗೆ ಹಂಚಲು ಸಿಕ್ಕ ಆರ್‌ಟಿಎಸ್,ಎಸ್ 1.8 ಕೋಟಿ ಡೋಸ್. ಮಗುವಿಗೆ ನಾಲ್ಕು ಡೋಸಿನಂತೆ ಅದು 45 ಲಕ್ಷ ಮಕ್ಕಳಿಗೆ ಮುಗಿಯಿತು. ಪ್ರೋಟೀನ್ ತಯಾರಿಕೆ ಹೈದರಾಬಾದಿನ ಭಾರತ್ ಬಯೋಟೆಕ್‌ಗೆ ವಹಿಸಿದರೂ ಅಡ್ಜುವಂಟ್ ಮಾತ್ರ ಲಸಿಕೆಯ ಮೂಲ ಕಂಪನಿ ಜಿಎಸ್‌ಕೆ ಕೈಯಲ್ಲೇ ಉಳಿಯಿತು. ಅತ್ತ ಆರ್21 ಎಂಬ ಇನ್ನೊಂದು ಮಲೇರಿಯಾ ಲಸಿಕೆಗೆ ಎಂಪಿಎಲ್ ಇಲ್ಲ, ಅದೇ ಮರದ ತೊಗಟೆಯ ಸಪೋನಿನ್ (ನೊರೆ ಬಿಡುವ ಅಂಶ) ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಅದನ್ನೂ 2023ರಲ್ಲಿ ಶಿಫಾರಸು ಮಾಡಿತು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ವರ್ಷಕ್ಕೆ ಹತ್ತು ಕೋಟಿ ಡೋಸ್ ಮಾಡಬಲ್ಲೆ ಎಂದಿತು.