ಜರ್ಮನಿಯ ಪಟ್ಟಿ ಹಿಡಿದು ಎಸ್.ಪಿ. ರೋಡಿಗೆ ಹೋಗಬೇಡಿ

ಮೊದಲ ಸಲ ಗೇಮಿಂಗ್ ಪಿಸಿ ಕಟ್ಟುವ ನಮ್ಮ ಹುಡುಗರು ಯುರೋಪ್, ಅಮೆರಿಕದ ಯೂಟ್ಯೂಬ್ ಚಾನೆಲ್‌ಗಳ ಪಟ್ಟಿಯನ್ನೇ ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿನಂಥ ಕಂಪ್ಯೂಟರ್ ಮಾರುಕಟ್ಟೆಗೆ ಹೋಗುತ್ತಾರೆ. ಜರ್ಮನಿಯಲ್ಲಿದ್ದುಕೊಂಡೇ ಹೇಳುತ್ತೇನೆ, ಆ ಪಟ್ಟಿಯ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲಿಗಾದರೂ ಸರಿ. ಉಳಿದದ್ದಕ್ಕೆ ದುಡ್ಡು ಹಂಚುವ ಲೆಕ್ಕ ನಮ್ಮ ಊರಿಗೆ ಬೇರೆಯೇ ಆಗಬೇಕು.

ಕಡಿಮೆ ಬಜೆಟ್ಟಿನಲ್ಲಿ 1080ಪಿ (ಫುಲ್ ಎಚ್‌ಡಿ) ಆಟಕ್ಕೆ ರೈಜೆನ್ 5 5600 ಪ್ರೊಸೆಸರ್, ಜೊತೆಗೆ 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಒಳ್ಳೆಯ ಜೋಡಿ. ಇನ್ನಷ್ಟು ಉಳಿಸಲು ಹೋಗಿ 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕೊಳ್ಳಬೇಡಿ. ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ. ಎ520 ಮದರ್‌ಬೋರ್ಡಿನ ಹಳೆಯ ಪೀಳಿಗೆಯ ಪಿಸಿಐಇ 3.0 ಸ್ಲಾಟಿಗೆ ಹಾಕಿದರೆ ಆ ದಾರಿಯ ವೇಗ ಅರ್ಧಕ್ಕಿಳಿದು, ಕಾರ್ಡಿನ ಮೆಮೊರಿ ತುಂಬಿದ ಕೂಡಲೇ ಆಟ ತಡವರಿಸುತ್ತದೆ. ಕಾರ್ಡನ್ನು ಮುಂದಿನ ತಿಂಗಳು ಕೊಳ್ಳೋಣ ಎನ್ನುವವರು 5600 ತರಬಾರದು, ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಮಾನಿಟರ್ ಕಪ್ಪಗೇ ಇರುತ್ತದೆ.

ನಿಜವಾದ ವ್ಯತ್ಯಾಸ ಇರುವುದು ಪಿಸಿಯ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿ. ಜರ್ಮನಿಯಲ್ಲಿ ಕರೆಂಟ್ ಹೋಗುವುದು ಅಪರೂಪ, ಜನ ಯೋಚಿಸುವುದು ಬಿಲ್ಲಿನ ಬಗ್ಗೆ. ನಮ್ಮಲ್ಲಿ ವೋಲ್ಟೇಜ್ ಏರಿಳಿತ, ಗುಡುಗು-ಮಳೆಗೆ ಪಟ್ಟನೆ ಹೋಗುವ ಲೈನ್, ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ಕೂಡ ಸರಿಯಿಲ್ಲ. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ '500 ವಾಟ್' ಎಂದು ದೊಡ್ಡದಾಗಿ ಬರೆದಿರುತ್ತದೆ. ಪಕ್ಕದ ಲೇಬಲ್ಲಿನಲ್ಲಿ 12 ವೋಲ್ಟ್ ಸಾಲು ನೋಡಿ, ಪ್ರೊಸೆಸರಿಗೂ ಕಾರ್ಡಿಗೂ ಕರೆಂಟ್ ಬರುವುದು ಅದರಿಂದಲೇ. ಅಲ್ಲಿ 22 ಆಂಪಿಯರ್ ಎಂದಿದ್ದರೆ 12×22, ಅಂದರೆ 264 ವಾಟ್ ಮಾತ್ರ. ಸರಿಯಾದ 550 ವಾಟಿನದರಲ್ಲಿ ಅದು 40 ಆಂಪಿಯರ್ ದಾಟಿರುತ್ತದೆ. 80 ಪ್ಲಸ್ ಮುದ್ರೆಯನ್ನೂ ಪೂರ್ತಿ ನಂಬಬೇಡಿ, ಅದು ಹೇಳುವುದು ಎಷ್ಟು ವಿದ್ಯುತ್ ಪೋಲಾಗುತ್ತದೆ ಎಂಬುದನ್ನಷ್ಟೇ, ಸುರಕ್ಷತೆಯನ್ನಲ್ಲ. ಬಣ್ಣದ ಲೈಟಿನ ಫ್ಯಾನಿಗೆ ಸುರಿಯುವ ದುಡ್ಡನ್ನು ಯುಪಿಎಸ್‌ಗೆ ಹಾಕಿ. 600 ವಿಎ ಎಂದರೆ ಸಾಮಾನ್ಯವಾಗಿ 360 ವಾಟ್. ಈ ಜೋಡಿಗೆ ಸಾಕಾದರೂ 1000 ವಿಎ ನಿಶ್ಚಿಂತೆ.

ಜರ್ಮನಿಯಲ್ಲಿ ಆನ್‌ಲೈನ್ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು, ಕಾನೂನೇ ಹಾಗಿದೆ. ಅದಕ್ಕೇ ಅಲ್ಲಿಯವರು ಗೊತ್ತಿಲ್ಲದ ಬ್ರ್ಯಾಂಡನ್ನೂ ಧೈರ್ಯವಾಗಿ ಪರೀಕ್ಷಿಸುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಟ್ಟ ದುಡ್ಡು ವಾಪಸ್ ಬರುವುದು ಕಷ್ಟ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಇಲ್ಲದೆ ಸಿಗುವ ರಿಯಾಯಿತಿ ವಾರಂಟಿಯ ದಿನ ದುಬಾರಿಯಾಗುತ್ತದೆ.

ಆದರೆ ನಮ್ಮ ರೀತಿಯಲ್ಲೂ ಒಂದು ದೊಡ್ಡ ಅನುಕೂಲವಿದೆ. ಅಂಗಡಿಯವರೇ ಕಣ್ಣೆದುರು ಜೋಡಿಸಿ ಆನ್ ಮಾಡಿ ತೋರಿಸುತ್ತಾರೆ, ಅದನ್ನು ಪೂರ್ತಿ ಬಳಸಿಕೊಳ್ಳಿ. 8 ಜಿಬಿಯ ಎರಡು ರ‍್ಯಾಮ್ ಕಡ್ಡಿ, ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ, ಪ್ರೊಸೆಸರ್ ಕಡೆಯಿಂದ ಎರಡನೆಯ, ನಾಲ್ಕನೆಯ ಸ್ಲಾಟಿನಲ್ಲಿವೆಯೇ ನೋಡಿ. ಬಯೋಸಿನಲ್ಲಿ (ಬೋರ್ಡಿನ ಮೂಲ ಸಾಫ್ಟ್‌ವೇರ್) ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿಸಿ, ಇಲ್ಲದಿದ್ದರೆ 3200ರ ರ‍್ಯಾಮ್ 2400ರಲ್ಲೋ 2666ರಲ್ಲೋ ತೆವಳುತ್ತಿರುತ್ತದೆ. ಬಿ450 ಬೋರ್ಡ್ ಹಳೆಯ ಸ್ಟಾಕಾಗಿದ್ದರೆ 5600ಕ್ಕೆ ಬೇಕಾದ ಬಯೋಸ್ ಅಪ್‌ಡೇಟ್ ಅಲ್ಲೇ ಮಾಡಿಸಿ.

ಇನ್ನು ಕ್ಯಾಬಿನೆಟ್. ಮುಂಭಾಗ ಗಾಜು ಮುಚ್ಚಿದ್ದು ಜರ್ಮನಿಯ ತಣ್ಣನೆಯ ಕೋಣೆಯಲ್ಲಿ ನಡೆದೀತು, ಕಲಬುರಗಿಯ ಏಪ್ರಿಲಿನಲ್ಲಿ ಅಲ್ಲ. ಮುಂದೆ ಜಾಲರಿ, ಒಳಗೆಳೆಯುವ 120 ಮಿ.ಮೀ. ಫ್ಯಾನ್ ಎರಡು, ಹಿಂದೆ ಹೊರಹಾಕುವುದು ಒಂದು. ಬಿಚ್ಚಿ ತೊಳೆಯಬಹುದಾದ ಧೂಳಿನ ಫಿಲ್ಟರ್ ಇರುವುದನ್ನೇ ಕೇಳಿ.