ಕಡ್ಡಿಗೊಂಬಿನ ಎಳೆ ಗಂಡು ಜಿಂಕೆಯನ್ನು ಹೊಡೆಯಬೇಕಾ, ಬಿಡಬೇಕಾ?

ಅಮೆರಿಕದ ಟೆಕ್ಸಾಸ್‌ನಲ್ಲಿ ಬಿಳಿಬಾಲದ ಜಿಂಕೆಗಳ ಹಿಂಡು ನೋಡಿಕೊಳ್ಳುವವರ ನಡುವೆ ಇದು ಹಳೇ ಜಗಳ. ಒಂದೂವರೆ ವರ್ಷಕ್ಕೆ ಗಂಡಿಗೆ ಮೊದಲ ಕೊಂಬು ಬಂದಿರುತ್ತದೆ. ಕೆಲವಕ್ಕೆ ಆರೆಂಟು ಮೊನೆ, ಕೆಲವಕ್ಕೆ ಕವಲೇ ಇಲ್ಲದ ಎರಡು ಕಡ್ಡಿ. ಈ ಕಡ್ಡಿಗೊಂಬಿನದಕ್ಕೆ ಅಲ್ಲಿ ಸ್ಪೈಕ್ ಅಂತಾರೆ. ಬೇಟೆ ಶುರುವಾದಾಗ ಮೊದಲು ತೆಗೆಯಬೇಕಾದ್ದು ಇದನ್ನೇನಾ?

ಪರ: ಮೊದಲು ಇದನ್ನೇ

ಇರೋ ಮೇವಿಗೆ ತಕ್ಕಷ್ಟೇ ಹಿಂಡು ಇರಬೇಕು. ಹಾಗಾಗಿ ಒಂದಷ್ಟು ಗಂಡುಗಳನ್ನು ತೆಗೆಯೋದು ತಪ್ಪಲ್ಲ. ತೆಗೆಯೋದೇ ಆದರೆ ಆರಿಸಿ ತೆಗೆಯಬೇಕು. ಜೊಳ್ಳು ಕಾಳನ್ನು ಯಾರಾದರೂ ಬಿತ್ತನೆಗೆ ಎತ್ತಿಡ್ತಾರಾ?

ಟೆಕ್ಸಾಸ್‌ನ ಕೆರ್ ವನ್ಯಜೀವಿ ಪ್ರದೇಶದಲ್ಲಿ 1970ರ ದಶಕದಿಂದ ಜಿಂಕೆಗಳನ್ನು ದೊಡ್ಡಿಯಲ್ಲಿ ಸಾಕಿ ನೋಡಿದ್ದಾರೆ. ಒಂದೇ ಮೇವು ತಿಂದರೂ ಕೆಲವು ಸ್ಪೈಕ್ ಆದವು. ದೊಡ್ಡವಾದ ಮೇಲೂ ಸರಾಸರಿಯಲ್ಲಿ ಅವು ಜೊತೆಯವಕ್ಕಿಂತ ಹಿಂದೆಯೇ ಉಳಿದವು.

ಇದರಲ್ಲಿ ಸುಲಭವೂ ಇದೆ. 2002ರಲ್ಲಿ ಅಲ್ಲಿನ ಆರು ಕೌಂಟಿಗಳಲ್ಲಿ ಒಂದು ನಿಯಮ ಬಂತು: ಒಂದಾದರೂ ಕೊಂಬು ಕವಲೊಡೆಯದೆ ಇದ್ದರೆ ಹೊಡೆಯಬಹುದು, ಇಲ್ಲವಾದರೆ ಎರಡು ಕೊಂಬುಗಳ ಒಳಗಿನ ಅಗಲ 13 ಇಂಚಾದರೂ ಇರಬೇಕು, ಇಲ್ಲವೇ ಒಂದು ಕೊಂಬಿಗೆ ಆರು ಮೊನೆಯಾದರೂ ಇರಬೇಕು. 13 ಇಂಚು ಗುರುತಿಸೋದೂ ಸುಲಭ. ಜಿಂಕೆ ಬೆಚ್ಚಿ ಕಿವಿ ನಿಮಿರಿಸಿದಾಗ ಒಂದು ಕಿವಿ ತುದಿಯಿಂದ ಇನ್ನೊಂದರ ತುದಿಗೆ ಹೆಚ್ಚೂಕಮ್ಮಿ ಅಷ್ಟೇ ಅಂತರ. ದೂರದಿಂದಲೇ ಅಳೆದುಬಿಡಬಹುದು. ಕಡ್ಡಿಗೊಂಬಿಗಂತೂ ಅಳತೆಯೇ ಬೇಡ.

ವಿರೋಧ: ಬಿಡಿ, ಬೆಳೆಯಲಿ

ದೊಡ್ಡಿ ಬೇರೆ, ಕಾಡು ಬೇರೆ. ದೊಡ್ಡಿಯಲ್ಲಿ ಯಾವ ಗಂಡು ಯಾವ ಹೆಣ್ಣಿನ ಜೊತೆ ಕೂಡಬೇಕು ಅಂತ ಮನುಷ್ಯ ತೀರ್ಮಾನ ಮಾಡ್ತಾನೆ. ಕಾಡಲ್ಲಿ ಯಾರನ್ನು ಕೇಳೋದು?

ಅದೇ ಕೆರ್‌ನಲ್ಲಿ ಕೆಲವಕ್ಕೆ 16 ಶೇಕಡಾ ಪ್ರೋಟೀನ್ ಇರೋ ಮೇವು, ಕೆಲವಕ್ಕೆ 8 ಶೇಕಡಾದ್ದು ಹಾಕಿದ್ದರು. ಕಮ್ಮಿ ತಿಂದವುಗಳಲ್ಲಿ ಸ್ಪೈಕ್ ಜಾಸ್ತಿ. ಅಂದರೆ ಬರಗಾಲದ ವರ್ಷ ನೀವು ಹೊಡೆಯುತ್ತಿರೋದು ಕೆಟ್ಟ ತಳಿಯನ್ನಲ್ಲ, ಹಸಿದ ಮರಿಯನ್ನು. ತಡವಾಗಿ ಹುಟ್ಟಿದ್ದೂ ಹೀಗೇ ಕಾಣುತ್ತದೆ. ಜೊತೆಯವು ಎರಡು ತಿಂಗಳು ಮುಂದಿರುವಾಗ ಅದಕ್ಕೆ ಕಡ್ಡಿ ಬಂದಿದ್ದೇ ದೊಡ್ಡದು.

ಇನ್ನು ತಳಿ ಅಂದರೆ ಅರ್ಧ ತಾಯಿಯದು. ಹೆಣ್ಣಿಗೆ ಕೊಂಬೇ ಇಲ್ಲ, ಅವಳಲ್ಲಿ ಏನಿದೆ ಅಂತ ಹೇಗೆ ಆರಿಸ್ತೀರಿ? ಎಳೆ ಗಂಡುಗಳಲ್ಲಿ ಎಷ್ಟೋ ಹುಟ್ಟಿದ ಜಾಗ ಬಿಟ್ಟು ಹೋಗುತ್ತವೆ. ನೀವು ಜೋಪಾನ ಮಾಡಿದ್ದು ಪಕ್ಕದವರ ಪಾಲು, ಅವರದ್ದು ನಿಮ್ಮ ಪಾಲು. ದಕ್ಷಿಣ ಟೆಕ್ಸಾಸ್‌ನ ಕೊಮಾಂಚೆ ರಾಂಚ್ ಅನ್ನೋ ದೊಡ್ಡ ಖಾಸಗಿ ಜಮೀನಿನಲ್ಲಿ ವರ್ಷಗಟ್ಟಲೆ ಹೀಗೆ ಆರಿಸಿ ತೆಗೆದು ನೋಡಿದರು. ಹಿಂಡಿನ ಕೊಂಬು ದೊಡ್ಡದಾಗಲಿಲ್ಲ. ನನಗೆ ಇದೊಂದೇ ಸಾಕು.

ಕೊಂಬು ಪೂರ್ತಿ ಬಲಿಯೋದು ಐದರಿಂದ ಏಳು ವರ್ಷಕ್ಕೆ. ಒಂದೂವರೆಯಲ್ಲೇ ತೀರ್ಪು ಕೊಡೋದು ಅವಸರ ಅಲ್ವಾ? ಹಿಂಡು ಜಾಸ್ತಿಯಾಗಿದ್ದರೆ ಹೆಣ್ಣುಗಳನ್ನು ಕಮ್ಮಿ ಮಾಡಿ, ಉಳಿದವಕ್ಕೆ ಮೇವು ಸಿಗುತ್ತದೆ. ಗಂಡೇ ಬೇಕಾದರೆ ಕೊಂಬು ಬಿಟ್ಟು ಮೈ ನೋಡಿ ವಯಸ್ಸು ಗುರುತಿಸಿ. ಎಳೆಯದು ಸಣ್ಣ ಕುತ್ತಿಗೆ, ಉದ್ದ ಕಾಲಿನ ಹೆಣ್ಣಿಗೆ ಕೊಂಬು ಸಿಕ್ಕಿಸಿದ ಹಾಗಿರುತ್ತದೆ. ವಯಸ್ಸಾದದ್ದಕ್ಕೆ ಹೊಟ್ಟೆ ಜೋತಿರುತ್ತದೆ, ಕುತ್ತಿಗೆ ಎದೆಗೆ ಸೇರಿಕೊಂಡಿರುತ್ತದೆ.

"ಅದು ಮುದಿಯಾಗಿತ್ತು, ಕೊಂಬು ಕೆಟ್ಟಿತ್ತು" ಅನ್ನೋವರು ಹೊಡೆದ ಮೇಲೆ ಕೆಳದವಡೆ ಬಿಡಿಸಿ ನೋಡಲಿ. ಮುಂದಿನಿಂದ ಮೂರನೇ ದವಡೆಹಲ್ಲಿಗೆ ಮೂರು ಉಬ್ಬುಗಳಿದ್ದರೆ ಅದಿನ್ನೂ ಹಾಲುಹಲ್ಲು, ಜಿಂಕೆ ಇನ್ನೂ ಎಳೆಯದು.